ಹಳಿಯಿಲ್ಲದ ರೈಲು ದಾರಿ ಹಿಡಿದು ವರನ ಮನೆಗೆ

ಅಂಗಡಿಯ ಗಾದಿಯ ಮೇಲೆ ಕೂತಿರುವತನಕ ವ್ಯಾಪಾರಸ್ಥನನ್ನು ಯಾರೂ ಬೆಚ್ಚಿಬೀಳಿಸಲಾರರು. ಗಿರಾಕಿ ಏನು ಕೇಳುತ್ತಾನೆ, ಎಷ್ಟು ದರಕ್ಕೆ ಒಪ್ಪುತ್ತಾನೆ, ಯಾವ ಮಾತಿಗೆ ಎದ್ದು ಹೋದಂತೆ ಮಾಡಿ ಹೊಸ್ತಿಲಲ್ಲಿ ನಿಲ್ಲುತ್ತಾನೆ, ಎಲ್ಲ ನಮಗೆ ಮೊದಲೇ ಗೊತ್ತು. ಗಾದಿ ಇಳಿದು ಹೊರಗೆ ಹೊರಟೆವೋ, ಲೆಕ್ಕ ತಪ್ಪಿತು. ನನ್ನ ಜೀವಮಾನದ ಗಾಬರಿಗಳೆಲ್ಲ ರಜಾ ದಿನವೇ ಆಗಿವೆ. ಅದರಲ್ಲೂ ಒಂದು ಐತವಾರ ಅವು ಬೆಳಗಿನಿಂದ ಸಂಜೆಯತನಕ ಸರತಿಯಲ್ಲಿ ನಿಂತು ಬಂದವು. ಬಂದ ಸರತಿಯಲ್ಲೇ ಹೇಳುತ್ತೇನೆ.

೧. ಗುಟ್ಟು

ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ನನ್ನದು ಬಟ್ಟೆ ಅಂಗಡಿ. ಎದುರಿಗೆ ನನ್ನ ಗೆಳೆಯನ ಕಿರಾಣಿ ಅಂಗಡಿ. ಅವನ ಅಂಗಡಿಗೆ ಐತವಾರವೂ ರಜಾ ಇಲ್ಲ, ತಮ್ಮ ಕೂಡುತ್ತಾನೆ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ತೊಗರಿ ರಾಶಿಯ ಕಾಲ. ಒಂದು ದಿನ ಗೆಳೆಯ ನನ್ನ ಅಂಗಡಿಗೆ ಬಂದು, ಗಿರಾಕಿ ಇಲ್ಲದ ಮೂಲೆಗೆ ನನ್ನನ್ನು ಕರೆದೊಯ್ದ.

ವಿಷಯ ಇಷ್ಟು. ಅವನ ಮಗಳಿಗೆ ಕಮಲಾಪುರದಿಂದ ಒಂದು ವರ ಬಂದಿತ್ತು. ಕೆಂಪು ಬಾಳೆಹಣ್ಣಿನ ತೋಟದವರು, ಒಬ್ಬನೇ ಮಗ. ಮಧ್ಯಸ್ಥ ಫೋಟೋ ತಂದು ಕೊಟ್ಟಿದ್ದ. ಈ ಹುಡುಗಿ ಅದಕ್ಕೂ ಮೊದಲು ಬಂದ ಫೋಟೋಗಳನ್ನೆಲ್ಲ ಒಂದು ಕಣ್ಣಲ್ಲಿ ನೋಡಿ ವಾಪಸ್ ಕಳಿಸಿದವಳು. ಇದನ್ನು ಮಾತ್ರ ಒಯ್ದು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಮಾತಾಡಿರಲಿಲ್ಲ, ಇಟ್ಟಿದ್ದಳು ಅಷ್ಟೇ. ತಾಯಿ ಅದನ್ನು ನೋಡಿ ಗಂಡನ ಬೆನ್ನು ಹತ್ತಿದ್ದಳು.

ನಮ್ಮ ಕಡೆ ಹಿರಿಯರು ಕೂತು ಮಾತಾಡುವ ಮುಂಚೆ ಹೆಣ್ಣಿನ ತಂದೆ ಗುಟ್ಟಾಗಿ ಹೋಗಿ ಮನೆತನ ವಿಚಾರಿಸಿ ಬರಬೇಕು. ಮಾತು ಶುರುವಾದ ಮೇಲೆ ಬೇಡ ಅಂದರೆ ಎರಡೂ ಕಡೆ ಮುಖ ಕೆಡುತ್ತದೆ. ಆದರೆ ಕಮಲಾಪುರದ ಸುತ್ತಿನ ಸಣ್ಣ ಅಂಗಡಿಯವರೆಲ್ಲ ಇವನ ಗಿರಾಕಿಗಳು. ಬಸ್ಸಿನಿಂದ ಇಳಿದರೆ ನಮಸ್ಕಾರ ಮಾಡಲು ಹತ್ತು ಜನ ನಿಂತಿರುತ್ತಾರೆ. ಅದಕ್ಕೆ ಅವನೊಂದು ಉಪಾಯ ಹುಡುಕಿದ್ದ. ಬೀದರಿನ ಕಡೆಗೆ ಹೊಸ ರೈಲು ದಾರಿಗಾಗಿ ಮಣ್ಣಿನ ಏರಿ ಹಾಕಿದ್ದರು. ಹಳಿ ಇನ್ನೂ ಬಂದಿರಲಿಲ್ಲ. ಊರೊಳಗೆ ಹೋಗದೆ, ಹೊಲಗಳ ನಡುವೆ ಸಪಾಟಾಗಿ ಹೋಗುವ ದಾರಿ. ಅದರ ಮೇಲೆ ಸೈಕಲ್ಲಿನಲ್ಲಿ ಆರಾಮಾಗಿ ಹೋಗುವುದು, ಹಿಂಬದಿಯಿಂದ ತೋಟ ಮುಟ್ಟುವುದು, ಬರುವಾಗ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುವುದು. ಕೇಳಿದವರಿಗೆ ಡಾಕ್ಟರು ಹೊಟ್ಟೆ ಇಳಿಸಲು ಹೇಳಿದ್ದಾರೆ ಅನ್ನುವುದು.

"ನಿನಗ ಬಿಟ್ರ ಯಾರಿಗೂ ಗೊತ್ತಿಲ್ಲ," ಅಂದ.

ಐತವಾರ ಬೆಳಗಾದ ಮೇಲೆ ಶಹಾಬಜಾರಕ್ಕೆ ಹೋದೆವು. ಅಲ್ಲಿ ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಚಾಚಾನ ಅಂಗಡಿ. ಚಾಚಾ ತಾನೂ ಬರುತ್ತೇನೆ ಅಂದ. ಸೂಪರ್ ಮಾರ್ಕೆಟ್ ಮಂದಿಯ ಕೈಗೆ ಇಡೀ ದಿನ ಸೈಕಲ್ ಕೊಟ್ಟು ಸುಮ್ಮನೆ ಕೂತಿರುವ ಧೈರ್ಯ ಅವನಿಗಿರಲಿಲ್ಲ. ಗೆಳೆಯ ವ್ಯಾಯಾಮದ ಕಥೆ ಶುರು ಮಾಡಿದ. ಚಾಚಾ ಗಾಲಿಗೆ ಗಾಳಿ ಹೊಡೆಯುತ್ತ, ತಲೆ ಎತ್ತದೆ ಕೇಳಿದ: "ಲಡ್ಕಾ ಕ್ಯಾ ಕರ್ತಾ ಸಾಹುಕಾರ್?"

ಹುಡುಗ ಏನು ಮಾಡುತ್ತಾನೆ ಅಂತ ಕೇಳುತ್ತಾನಲ್ಲ, ಇವನಿಗೆ ಹೇಳಿದವರು ಯಾರು ಅಂತ ಗೆಳೆಯ ನನ್ನ ಕಡೆ ಕಣ್ಣು ಬಿಟ್ಟ. ನಾನು ದೇವರಾಣೆ ಹಾಕಿದೆ.

"ಯಾರೂ ಹೇಳಿಲ್ಲ ಸಾಬ್," ಅಂದ ಚಾಚಾ. "ಹೊಟ್ಟಿ ಇಳಸಾಕ ಹೋಗೋರು ಅತ್ತರು ಹಚ್ಕೊಂಡು ಬರಂಗಿಲ್ಲ."

೨. ತೊಗರಿ

ಊರು ದಾಟಿ ಏರಿಯ ಮೇಲೆ ಹತ್ತಿದೆವು. ಹತ್ತಿದ ಮೇಲೆ ಸುಖವೇ ಸುಖ. ಎರಡೂ ಕಡೆ ಕರಿ ಮಣ್ಣಿನ ಹೊಲ, ಜೋಳ ತೆನೆ ಹಿಡಿದಿದೆ, ಚಳಿಗಾಳಿ. ಮುಂದೆ ಹಾರ್ನು ಇಲ್ಲ, ಹಿಂದೆ ಲಾರಿ ಇಲ್ಲ. ಮೂವರೂ ಸಾಲಾಗಿ, ಒಬ್ಬರೊಡನೊಬ್ಬರು ಮಾತಾಡಿಕೊಂಡು ತುಳಿದೆವು. ಗೆಳೆಯ ಹಾಡನ್ನೂ ಗುನುಗಿದ. ಅವನು ಹಾಡಿದ್ದನ್ನು ನಾನು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ಕೇಳಿದ ಮೇಲೆ ಕಾರಣ ತಿಳಿಯಿತು.

ಒಂದು ಹಳ್ಳಿಯ ಬದಿಗೆ ಬಂದಾಗ ಏರಿಯ ಮೇಲೆ ಉದ್ದಕ್ಕೂ ಕಾಯಿ ಸಮೇತ ಕೊಯ್ದ ತೊಗರಿ ಕಟ್ಟಿಗೆ ಹಾಸಿತ್ತು. ನಡುವೆ ಒಬ್ಬ ಮುದುಕಿ ಕೋಲು ಹಿಡಿದು ಕೂತಿದ್ದಳು. ನಾವು ಇಳಿದು ಬದಿಯಿಂದ ದೂಡಿಕೊಂಡು ಹೋಗಲು ನೋಡಿದೆವು. ಅವಳು ಕೋಲು ಅಡ್ಡ ಹಿಡಿದಳು. ಹೊಲ ನಮ್ಮದು, ಏರಿ ಸರ್ಕಾರದ್ದು, ಮೇಲಿನ ತೊಗರಿ ಮತ್ತೆ ನಮ್ಮದು, ತುಳಿಯದೆ ಹೋಗುವ ಹಾಗಿಲ್ಲ ಅಂದಳು. ರಾಶಿ ತುಳಿಯುವ ಎತ್ತು ಬಾಡಿಗೆಗೆ ಹೋಗಿವೆಯಂತೆ. ಹೋಗುವವರೆಲ್ಲ ಎರಡು ಸುತ್ತು ತುಳಿದು ಹೋಗುವುದು ರಿವಾಜು ಅಂತೆ.

ಇಸ್ತ್ರಿ ಪ್ಯಾಂಟು ಹಾಕಿಕೊಂಡು ನಾವು ಮೂವರು ಸೈಕಲ್ ಹತ್ತಿ ತೊಗರಿಯ ಮೇಲೆ ಹೋಗುವುದು, ತಿರುಗಿ ಬರುವುದು ಮಾಡಿದೆವು. ಕಾಯಿ ಪಟಪಟ ಒಡೆಯತೊಡಗಿದವು. ಜೀವನವಿಡೀ ಚೀಲದಲ್ಲಿ ತೊಗರಿಬೇಳೆ ಮಾರಿದವನು ಮೊದಲ ಸಲ ಅದನ್ನು ಗಾಲಿಯ ಕೆಳಗೆ ನೋಡಿದ. ಎರಡು ಸುತ್ತು ಮುಗಿದ ಮೇಲೆ ನಮ್ಮಿಬ್ಬರನ್ನು ಮುದುಕಿ ಬಿಟ್ಟಳು, ಅವನನ್ನು ಬಿಡಲಿಲ್ಲ.

"ನೀವು ಇಳೀಬ್ಯಾಡ್ರಿ ಸಾಹುಕಾರ್ರ. ನಿಮ್ಮ ತೂಕ ಚಲೋ ಅದ."

ಅವನು ಬೆವರು ಒರೆಸಿಕೊಳ್ಳುತ್ತ, ತಾನು ಅರ್ಜೆಂಟು ಕೆಲಸಕ್ಕೆ ಹೊರಟವನು, ಬಿಡು ಆಯಿ ಅಂದ. ಯಾವ ಕೆಲಸ ಅಂತ ಅವಳು ಕೇಳಲಿಲ್ಲ. "ಹೆಣ್ಣಿನ ಕಡಿಯವರೇನು?" ಅಂದಳು.

ಅವನ ಸೈಕಲ್ ತೊಗರಿಯಲ್ಲೇ ವಾಲಿತು. ಹೇಗೆ ತಿಳಿಯಿತು ಅಂತ ಕೇಳಿದ.

"ಬಸ್ ಬಿಟ್ಟು, ಹೊಸ ಅಂಗಿ ತೊಟ್ಟು, ಈ ಏರಿ ಹಿಡದು ಕಳ್ಳರಂಗ ಹೋಗೋರು ಮತ್ಯಾರ? ವರನ ಮನಿ ನೋಡಾಕ ಹೋಗೋರು, ಕನ್ಯಾದ ಮನಿ ನೋಡಾಕ ಹೋಗೋರು, ಎಲ್ಲಾ ನನ್ನ ತೊಗರಿ ಮ್ಯಾಲೇ ಹೋಗ್ತಾರ. ಈ ವರ್ಷದ ರಾಶಿ ಎಲ್ಲ ಬೀಗರೇ ಮಾಡ್ಯಾರ."

೩. ಕೌದಿ

ತೊಗರಿಯ ಬುಡ ಮೊಳೆಯಂತಿರುತ್ತದೆ. ಸ್ವಲ್ಪ ದೂರ ಹೋಗುವುದರೊಳಗೆ ಗೆಳೆಯನ ಹಿಂದಿನ ಗಾಲಿ ಕೂತುಬಿಟ್ಟಿತು. ಚಾಚಾ ನಂಬಲಿಲ್ಲ. ತನ್ನ ಅಂಗಡಿಯ ಟ್ಯೂಬು ಪಂಕ್ಚರ್ ಆಗುವುದು ಅಸಾಧ್ಯ, ಕೂತವರ ಭಾರಕ್ಕೆ ಗಾಲಿ ನಾಚಿಕೊಂಡಿರಬೇಕು ಅಂದ. ಆಮೇಲೆ ಕೂತು ಟೈರು ಬಿಚ್ಚಿದ.

ಟ್ಯೂಬು ಹೊರಗೆ ಬಂದಾಗ ನಾನು ಬಗ್ಗಿ ನೋಡಿದೆ. ಕಪ್ಪು ತುಂಡು, ಕೆಂಪು ತುಂಡು, ತುಂಡಿನ ಮೇಲೆ ತುಂಡು. ಬಟ್ಟೆ ವ್ಯಾಪಾರದವನಾಗಿ ನಾನು ಅಂಥದ್ದನ್ನು ಹಾಸಿಗೆಯ ಮೇಲೆ ಮಾತ್ರ ಕಂಡಿದ್ದೆ.

"ಚಾಚಾ, ಇದು ಟ್ಯೂಬ್ ಅಲ್ಲ, ಕೌದಿ," ಅಂದೆ. "ಟ್ಯೂಬ್ ಎಲ್ಲಿ?"

"ಟ್ಯೂಬ್ ಕಬ್ಕಾ ಗಯಾ ಸಾಬ್. ಅಬ್ ಪ್ಯಾಚಾಂಚ್ ಚಲ್ರೈಂ."

ಅಂದರೆ ಟ್ಯೂಬು ಯಾವತ್ತೋ ತೀರಿಹೋಗಿತ್ತು. ಈಗ ಓಡುತ್ತಿದ್ದದ್ದು ಬರೀ ತೇಪೆಗಳು. ನಾವು ಮಾತ್ರ ಪೂರಾ ಸೈಕಲ್ಲಿನ ಬಾಡಿಗೆಗೆ ಒಪ್ಪಿಕೊಂಡು ಬಂದಿದ್ದೆವು.

ಚಾಚಾ ಇನ್ನೊಂದು ತೇಪೆ ಹಚ್ಚಿದ. ಸೊಲ್ಯೂಷನ್ ತಂದಿದ್ದ, ಉಜ್ಜುವ ಕಾಗದ ತಂದಿದ್ದ, ತೂತು ಹುಡುಕಲು ನೀರು ಸಹ ತಂದಿದ್ದ. ಪಂಪು ಎಲ್ಲಿ ಅಂತ ಕೇಳಿದರೆ ಬಹಳ ಹೊತ್ತು ದಿಗಂತ ನೋಡಿದ. ಪಂಪು ಶಹಾಬಜಾರದಲ್ಲಿತ್ತು. ಕಳ್ಳರ ಭಯಕ್ಕೆ ಅದನ್ನು ಅಂಗಡಿಯ ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದ. ಬೀಗದ ಕೈ ಮಾತ್ರ ಜೋಪಾನವಾಗಿ ತಂದಿದ್ದ. ತೆಗೆದು ತೋರಿಸಿದ.

೪. ಮೋರಿಯ ಕೆಳಗಿನ ಊಟ

ಸೈಕಲ್ ದೂಡಿಕೊಂಡು ಹೋಗುತ್ತ ಹೋಗುತ್ತ ಒಂದು ಹಳ್ಳ ಬಂತು. ಅದರ ಮೇಲೆ ರೈಲಿಗಾಗಿ ಕಟ್ಟಿದ ಹೊಸ ಮೋರಿ, ಕೆಳಗೆ ತಂಪಾದ ನೆರಳು. ಅಲ್ಲೊಬ್ಬ ನಮ್ಮ ವಯಸ್ಸಿನ ಮನುಷ್ಯ ಸೈಕಲ್ ನಿಲ್ಲಿಸಿ ಕೂತಿದ್ದ. ಕಮಲಾಪುರದ ಕಡೆಯಿಂದ ಬಂದವನು. ಅವನ ಸೈಕಲ್ಲಿಗೆ ಪಂಪು ಇತ್ತು.

ಮೊದಲು ನಾನು ನೋಡಿದ್ದು ಪಂಪನ್ನಲ್ಲ, ಅದನ್ನು ಕಟ್ಟಿದ್ದ ಪಟ್ಟಿಯನ್ನು. ಇಳಕಲ್ ಸೀರೆಯ ಸೆರಗಿನ ತುಂಡು. ಆಮೇಲೆ ಮನುಷ್ಯನನ್ನು ನೋಡಿದೆ. ಮೈಮೇಲೆ ಹೆಗಲು ಹರಿದ ಅಂಗಿ, ಉಟ್ಟಿದ್ದು ಮಾತ್ರ ಬೆಣ್ಣೆಯಂಥ ಧೋತರ. ನನಗೆ ಅಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಹಸಿವೆಯಾಗಿತ್ತು.

ಅವನು ಪಂಪು ಕೊಟ್ಟ. ನಾವು ಬುತ್ತಿ ಬಿಚ್ಚಿದೆವು: ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ಅವನು ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದ. ಒಂದೇ ಬಟ್ಟೆಯ ಮೇಲೆ ಎಲ್ಲ ಇಟ್ಟುಕೊಂಡು ನಾಲ್ವರೂ ಊಟಕ್ಕೆ ಕೂತೆವು. ಯಾವ ಕಡೆ ಹೊರಟಿದ್ದೀರಿ ಅಂತ ಅವನು ಕೇಳಿದ. ನಮ್ಮ ಕಿರಾಣಿ ಸಾಹುಕಾರ ತಡಮಾಡದೆ, ನಾವು ಸೈಕಲ್ ಕಂಪನಿಯವರು, ದಾರಿ ಹೇಗಿದೆ ಅಂತ ನೋಡಲು ಬಂದಿದ್ದೇವೆ ಅಂದ. ಚಾಚಾ ತನಗೆ ಸಿಕ್ಕ ಬಡ್ತಿಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಆ ಮನುಷ್ಯ, ತಾನು ಕೂಲಿಯವನು, ಕಲಬುರಗಿಯಲ್ಲಿ ಸ್ವಲ್ಪ ಕೆಲಸ ಇದೆ ಅಂದ.

ಗೆಳೆಯನಿಗೆ ತಡೆಯಲಾಗಲಿಲ್ಲ. ಕಮಲಾಪುರದಲ್ಲಿ ಹಳ್ಳದ ದಂಡೆಗೆ ದೊಡ್ಡ ಬಾಳೆ ತೋಟದವರು ಇದ್ದಾರಂತಲ್ಲ, ಅವರು ಹೇಗೆ ಅಂತ ತೆಗೆದ. ತೋಟ ಎಷ್ಟು ಎಕರೆ, ವರ್ಷಕ್ಕೆ ಎಷ್ಟು ಮಾಲು ಹೋಗುತ್ತದೆ ಅಂತಲೂ ಕೇಳಿದ.

ರೊಟ್ಟಿ ಮುರಿಯುತ್ತಿದ್ದ ಆ ಮನುಷ್ಯನ ಕೈ ನಿಂತಿತು. ನಮ್ಮ ಮೂವರ ಇಸ್ತ್ರಿ ಬಟ್ಟೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ.

"ತೋಟ ಅನ್ನೋದು ಹೆಸರಿಗಷ್ಟೇ ರೀ," ಅಂದ. "ಗಿಡ ಎಲ್ಲ ಸುಳಿ ಒಣಗ್ಯಾವ. ಆ ತೋಟಕ್ಕ ಈಗ ಕೋತಿ ಸುದ್ದಾ ಬರಂಗಿಲ್ಲ."

ಗೆಳೆಯನ ತುತ್ತು ಗಂಟಲಲ್ಲೇ ಸಿಕ್ಕಿತು. ನೀರು ಕುಡಿಸಿದೆ. ಅಷ್ಟರಲ್ಲಿ ಆ ಮನುಷ್ಯ ತಾನೂ ಒಂದು ಮಾತು ಕೇಳಿದ. ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿಯ ಎದುರಿಗೆ ಒಂದು ಕಿರಾಣಿ ಅಂಗಡಿ ಇದೆಯಂತಲ್ಲ, ಅಲ್ಲಿ ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತದೆ?

ದಿನಕ್ಕೆ ಎಷ್ಟು ವ್ಯಾಪಾರ ಅಂತ ಕೇಳುವವರು ಭೂಮಿಯ ಮೇಲೆ ಒಂದೇ ಇಲಾಖೆಯವರು. ಹರಿದ ಅಂಗಿಯೊಳಗೆ ಸೇಲ್ಸ್ ಟ್ಯಾಕ್ಸಿನವರು ಕೂತಿದ್ದಾರೆ ಅಂತ ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಗೆಳೆಯ ಕೂಡಲೇ ಅಳುಮೋರೆ ಮಾಡಿ, ಅಯ್ಯೋ ಆ ಅಂಗಡಿಯೇ, ಬೋರ್ಡು ಒಂದು ಉಳಿದಿದೆ, ಬೆಳಗಿನಿಂದ ಸಂಜೆತನಕ ನೊಣ ಹೊಡೆಯುತ್ತಾನೆ ಪಾಪ ಅಂದ. ಆ ಮನುಷ್ಯ ನನ್ನ ಕಡೆ ತಿರುಗಿದ.

"ಹೌದೇನ್ರೀ?"

ನಾನು ವಿಚಾರ ಮಾಡಿ ಹೇಳಿದ ಮಾತಲ್ಲ ಅದು. ಟ್ಯಾಕ್ಸಿನವರ ಮುಂದೆ ಅಳುವ ಅಷ್ಟು ವರ್ಷದ ರೂಢಿ, ತಾನಾಗಿ ಬಂತು. "ಆ ಅಂಗಡ್ಯಾಗ ಇಲಿ ಸುದ್ದಾ ಉಪವಾಸ ಮಲಗ್ತಾವ ರೀ," ಅಂದೆ.

ಅವನ ಮುಖ ನಮ್ಮ ಗೆಳೆಯನ ಮುಖಕ್ಕಿಂತ ಸಣ್ಣದಾಯಿತು. ಕೈ ತೊಳೆದ, ಸೈಕಲ್ ಹತ್ತಿದ, ಹಿಂದೆ ನೋಡದೆ ಕಲಬುರಗಿಯ ಕಡೆಗೆ ಹೋದ.

ಗೆಳೆಯ ಅಲ್ಲೇ ಕೂತುಬಿಟ್ಟ. ಮುಂದೆ ಹೋಗುವುದು ಬೇಡ ಅಂದ. ಒಣಗಿದ ತೋಟಕ್ಕೆ ಮಗಳನ್ನು ಕೊಡುವುದು ಹೇಗೆ? ಕೊಡದಿದ್ದರೆ, ಜಗಲಿಯ ಮೇಲಿಂದ ಫೋಟೋ ತೆಗೆ ಅಂತ ಅವಳಿಗೆ ಹೇಳುವವರು ಯಾರು? "ಅಂಗಡಿ ಬಂದ್ ಮಾಡು ಅಂದ್ರ ಮಾಡ್ತೀನಿ," ಅಂದ. "ಅದು ಮಾತ್ರ ನನ್ನ ಕೈಲೆ ಆಗಂಗಿಲ್ಲ."

ನಾನು ಬುದ್ಧಿ ಹೇಳಿದೆ. ಥಾನು ಬಿಚ್ಚಿ ನೋಡದೆ ಬಟ್ಟೆ ಕೆಟ್ಟದ್ದು ಅನ್ನಬಾರದು. ಆ ಮನುಷ್ಯನ ಅಂಗಿ ಆಳಿನದು, ಧೋತರ ಧಣಿಯದು. ಅವನ ಮಾತು ನಂಬುವಂಥದ್ದಲ್ಲ.

"ಟ್ಯಾಕ್ಸಿನಾಂವ ಅಲ್ಲೇನು, ಅದಕ್ಕ ಧೋತರ ಚಲೋ ಅದ," ಅಂದ ಗೆಳೆಯ ನಿಟ್ಟುಸಿರು ಬಿಟ್ಟು. "ಮಂದಿ ಆಸ್ತಿ ಅವರಿಗಿಂತ ಚಲೋ ಯಾರಿಗೆ ಗೊತ್ತಿರ್ತದ?"

೫. ಕವಣಿ

ಕಡೆಗೆ ಮುಂದೆ ಹೋಗಿದ್ದು ಚಾಚಾನ ಮಾತಿಗೆ. ಬಸ್ಸು ಸಿಗುವುದು ಕಮಲಾಪುರದಲ್ಲಿ, ಹಿಂದೆ ತಿರುಗಿದರೆ ಆ ತೇಪೆಗಳ ಹೊಣೆ ತನ್ನದಲ್ಲ ಅಂದ.

ಬಿಸಿಲು ಇಳಿಯತೊಡಗಿತ್ತು. ಏರಿಯಿಂದ ಹಳ್ಳದ ದಂಡೆಗೆ ಇಳಿದೆವು. ಇಳಿದವರು ಬಾಯಿ ತೆರೆದು ನಿಂತೆವು. ಎದುರಿಗೆ ಬಾಳೆ ತೋಟ ಕಪ್ಪಗೆ ಕಾಣುವಷ್ಟು ಹಸಿರು. ಕೆಂಪು ಗೊನೆಗಳ ಭಾರಕ್ಕೆ ಗಿಡಕ್ಕೆ ಗಿಡ ಕೋಲು ಕೊಟ್ಟು ನಿಲ್ಲಿಸಿದ್ದರು. ಗೆಳೆಯ ಇದು ಬೇರೆಯವರ ತೋಟ ಅಂದ. ಬದಿಯ ಹೊಲದವನನ್ನು ಕೇಳಿದರೆ ಇದೇ ಅಂದ.

ಮನೆಯ ಮುಂದೆ ಒಬ್ಬ ಹೆಣ್ಣುಮಗಳು, ವರನ ತಾಯಿಯ ವಯಸ್ಸಿನವಳು, ಕವಣಿ ಹಿಡಿದು ನಿಂತಿದ್ದಳು. ಕುಡಿಯಲು ನೀರು ಕೇಳಿದೆವು. ಚೊಂಬು ತಂದಳು. ಚಾಚಾ ಸೈಕಲ್ ಗೋಡೆಗೆ ಒರಗಿಸಿದ. ಅವಳ ಕಣ್ಣು ಅವನ ಸೈಕಲ್ಲಿನ ಮೇಲೆ ಬಿತ್ತು. ಚೊಂಬು ಅರ್ಧಕ್ಕೆ ನಿಂತಿತು.

ನಾನೂ ಆಗಲೇ ನೋಡಿದ್ದು. ಆ ಪಂಪು, ಅದೇ ಸೆರಗಿನ ಪಟ್ಟಿಯಿಂದ, ಚಾಚಾನ ಸೈಕಲ್ಲಿಗೆ ಕಟ್ಟಿತ್ತು. ಮೋರಿಯ ಕೆಳಗೆ ದುಃಖದಲ್ಲಿ ಅವನೂ ಕೇಳಿರಲಿಲ್ಲ, ಚಾಚಾನೂ ಕೊಟ್ಟಿರಲಿಲ್ಲ.

"ಇದು ನನ್ನ ಸೀರಿ ಸೆರಗು," ಅಂದಳು. "ನಮ್ಮ ಯಜಮಾನರಿಗೆ ಏನ್ ಮಾಡೀರಿ?"

ನಾವು ಉತ್ತರ ಕೊಡುವುದರೊಳಗೆ ಕವಣಿಯಲ್ಲಿ ಕಲ್ಲು ಕೂತಿತ್ತು. ತೋಟದೊಳಗೆ ಯಾರನ್ನೋ ಕೂಗಿದಳು. ಕುಡುಗೋಲು ಹಿಡಿದ ಆಳುಗಳು ಬಂದರು. ಅವರ ಹಿಂದೆ ಕೆಸರುಗಾಲಿನ ಒಬ್ಬ ಹುಡುಗ ಬಂದ. ಜಗಲಿಯ ಮೇಲಿನ ಫೋಟೋದವನು. ಚಾಚಾ ಪಂಪನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ತಾನು ಕದ್ದಿಲ್ಲ, ಅವರೇ ಮರೆತರು, ತಾನು ಸೈಕಲ್ ಕಂಪನಿಯವನು ಅಂದ. ಅದರಿಂದ ಉಪಕಾರವೇನೂ ಆಗಲಿಲ್ಲ.

ಅವಳು ಕಲ್ಲು ಬೀಸುವ ಭಂಗಿಯಲ್ಲೇ ಹೇಳಿದಳು: ಗಂಡ ಬೆಳಿಗ್ಗೆ ಕಲಬುರಗಿಗೆ ಹೋದವರು, ಬೀಗರಾಗುವವರ ಅಂಗಡಿ ಗುಟ್ಟಾಗಿ ನೋಡಿ ಬರಲು. ಗುರುತು ಸಿಗಬಾರದು ಅಂತ ಆಳಿನ ಅಂಗಿ ತೊಟ್ಟು ಹೋದರು. ಒರಟು ಧೋತರ ಮೈಗೆ ಚುಚ್ಚುತ್ತದೆ ಅಂತ ಧೋತರ ಮಾತ್ರ ತಮ್ಮದೇ ಉಟ್ಟರು.

ಗೆಳೆಯ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಮೋರಿಯ ಕೆಳಗೆ ಆಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಗೆಳೆಯ ಕಟ್ಟೆಯ ಮೇಲೆ ಕೂತ.

"ಕಲ್ಲು ಇಳಸ್ರಿ ಯಕ್ಕಾ," ಅಂದ. "ನಾನೇ ಹೆಣ್ಣಿನ ತಂದಿ."

ಅವಳು ಕವಣಿ ಕೆಳಗೆ ಹಾಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹುಡುಗ ಕೆಸರು ಕಾಲನ್ನು ಒಂದರ ಹಿಂದೆ ಒಂದು ಮುಚ್ಚಲು ನೋಡಿದ. ಆಮೇಲೆ ಚಹಾ ಬಂತು, ಚೂಡಾ ಬಂತು, ಗೊನೆಯಿಂದ ಆಗಲೇ ಕೊಯ್ದ ಹಣ್ಣು ಬಂತು. ಕೊಡುತ್ತ ಅವಳು ಮೆಲ್ಲಗೆ ಅಂದದ್ದು ಇಷ್ಟೇ: "ಮೊದಲ ಹೇಳಬಾರದೇನ್ರೀ? ಬೀಗರಿಗೆ ಕಲ್ಲು ಬೀಸೋಳಿದ್ದೆ. ಬೀಸಿದ್ದು ನಾ ಒಮ್ಮೆಯೂ ತಪ್ಪಿಲ್ಲ."

೬. ಬಸ್ಸಿನ ತಲೆಯ ಮೇಲೆ

ಸಂಜೆ ಬಸ್ ಸ್ಟ್ಯಾಂಡಿಗೆ ನಮ್ಮನ್ನು ಕಳಿಸಲು ಹುಡುಗನೇ ಬಂದ. ಗೆಳೆಯನಿಗೆ ಹುಡುಗ ಒಪ್ಪಿಗೆ, ತೋಟ ಒಪ್ಪಿಗೆ, ಕವಣಿಯೂ ಒಪ್ಪಿಗೆ. ಆದರೆ ಅವನೇ ತನ್ನ ಬಾಯಿಂದ ತನ್ನ ಅಂಗಡಿ ಮುಳುಗಿಸಿ ಕಳಿಸಿದ್ದಾನೆ. ಆ ಮನುಷ್ಯ ಮೋರಿಯಿಂದಲೇ ಮನಸ್ಸು ಮುರಿದುಕೊಂಡು ಹೋಗಿದ್ದರೆ ಮುಗಿಯಿತು.

ಕಲಬುರಗಿಯಿಂದ ಬಸ್ಸು ಬಂತು. ಅದೇ ತಿರುಗಿ ಹೋಗಬೇಕು. ಹುಡುಗ ನಮ್ಮ ಸೈಕಲ್ ಹೆಗಲಿಗೆ ಹಾಕಿ ಹಿಂದಿನ ಏಣಿ ಹತ್ತಿದ. ಮೇಲಿಂದ ಅವನ ದನಿ ಕೇಳಿತು: "ಅಪ್ಪಾ, ನಿಂದು ಮೊದಲ ಇಳಸ್ಲೋ, ಇವರದು ಮೊದಲ ಏರಸ್ಲೋ?"

ಬಾಗಿಲಲ್ಲಿ ಹರಿದ ಅಂಗಿ, ಬೆಣ್ಣೆ ಧೋತರ ಇಳಿಯುತ್ತಿದ್ದವು. ಅವನು ನಮ್ಮನ್ನು ನೋಡಿದ. ಚಾಚಾ ಎರಡು ಹೆಜ್ಜೆ ಹಿಂದೆ ಸರಿದ.

"ಸೈಕಲ್ ಕಂಪನಿಯವರು," ಅಂದ ಅವನು.

"ಕೂಲಿ ಮನುಷ್ಯಾ," ಅಂದ ಗೆಳೆಯ.

ಆ ಮನುಷ್ಯ ನಿಧಾನವಾಗಿ ಹೇಳಿದ. ಎಕರೆ, ಮಾಲು ಅಂತ ಕೇಳಿದ್ದಕ್ಕೆ ಇಸ್ತ್ರಿ ಬಟ್ಟೆಯ ನಮ್ಮನ್ನು ಅವನೂ ಸರ್ಕಾರದ ಇಲಾಖೆಯವರು ಅಂದುಕೊಂಡಿದ್ದನಂತೆ. ಮೋರಿಯಿಂದ ತಿರುಗಿ ಬಂದುಬಿಡುವವನಿದ್ದನಂತೆ. ಆದರೆ ಇಲಿ ಉಪವಾಸ ಮಲಗುವ ಅಂಗಡಿ ಹೇಗಿರುತ್ತದೆ ಅಂತ ಕಣ್ಣಿಂದ ನೋಡುವ ಆಸೆಯಾಯಿತು. ಹೋದರೆ ಒಳಗೆ ಕಾಲಿಡಲು ಜಾಗ ಇಲ್ಲ. ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದ ಗೆಳೆಯನ ತಮ್ಮನಿಗೆ ವ್ಯಾಪಾರ ಹೇಗಿದೆ ಅಂತ ಕೇಳಿದ. ವ್ಯಾಪಾರವೇ ಇಲ್ಲ ಅಂತ ತಮ್ಮ ಅತ್ತುಕೊಂಡ. ಅಳುತ್ತಲೇ, ಕೂಲಿಯವನು ಬಂದಿದ್ದಾನೆ ಅಂದುಕೊಂಡು, ಇವನ ತಲೆಯ ಮೇಲೆ ಸಕ್ಕರೆ ಚೀಲ ಹೊರಿಸಿ ಒಳಗೆ ಇಳಿಸಿಕೊಂಡ. ಅಣ್ಣ ಎಲ್ಲಿ ಅಂದರೆ, ಯಾರಿಗೂ ಹೇಳಬೇಡ, ಕಮಲಾಪುರಕ್ಕೆ ವರನ ಮನೆ ನೋಡಲು ಸೈಕಲ್ ಮೇಲೆ ಹೋಗಿದ್ದಾನೆ ಅಂದ.

ಗೆಳೆಯ ತಲೆ ತಗ್ಗಿಸಿದವನು ಹಾಗೇ ಕೇಳಿದ: "ತೋಟಕ್ಕ ಕೋತಿ ಬರಂಗಿಲ್ಲ ಅಂದಿದ್ರಿ."

"ಎಲ್ಲಿ ಬರ್ತಾವ ರೀ? ನಮ್ಮಾಕಿ ಕವಣಿ ಹಿಡದು ನಿಂತಿರ್ತಾಳ. ನಿಮ್ಮ ಅಂಗಡ್ಯಾಗ ಇಲಿ ಉಪವಾಸ ಅಂತ ನಿಮ್ಮ ಗೆಳೆಯರೂ ಹೇಳಿದ್ರು."

"ಬೆಕ್ಕು ಸಾಕೀನಿ ರೀ," ಅಂದ ಗೆಳೆಯ.

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಂಗಡಿಯಲ್ಲಿ ಇಂಥ ನೋಟ ನಾನು ಬಹಳ ಕಂಡಿದ್ದೇನೆ; ಎರಡೂ ಕಡೆ ಮಾಲು ಖರೆ ಇದೆ ಅಂತ ಗೊತ್ತಾದಾಗ ಮಾತ್ರ ಬರುತ್ತದೆ. ಚಾಚಾ ಪಂಪು ಚಾಚಿದ. ಆ ಮನುಷ್ಯ ತೆಗೆದುಕೊಳ್ಳಲಿಲ್ಲ. ಇರಲಿ ಇಟ್ಟುಕೊಳ್ಳಿ, ಹೇಗೂ ಬೀಗರ ಕಡೆಯವರು ಅಂದ. ಗೆಳೆಯನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಬಸ್ಸಿನ ಹೊಗೆ ಅಂದ. ಬಸ್ಸು ಇನ್ನೂ ಶುರುವಾಗಿರಲಿಲ್ಲ.

ಫೋಟೋ ಜಗಲಿಯಿಂದ ಇಳಿದು ಲಗ್ನಪತ್ರಿಕೆ ಮೇಲೇರಿತು. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅಸಲು ಗಾಬರಿ ನನಗಾಗಿ ಕಾದಿತ್ತು.

ಮದುವೆಯ ಜವಳಿ ನನ್ನ ಅಂಗಡಿಯಲ್ಲೇ. ಎರಡೂ ಮನೆಯವರು ಕೂಡಿ ಬಂದರು. ಬೆಳಗಿನಿಂದ ಸೀರೆಯ ಮೇಲೆ ಸೀರೆ ಬಿಚ್ಚಿಸಿದರು, ಇದ್ದುದರಲ್ಲಿ ಭಾರಿಯದನ್ನೇ ಆರಿಸಿದರು. ನಾನು ಉಮೇದಿನಿಂದ ದರ ಹೇಳಿದೆ. ಇಬ್ಬರು ಬೀಗರೂ ಒಟ್ಟಿಗೇ ಅಳುಮೋರೆ ಮಾಡಿದರು. ಬಡವರ ಮದುವೆ, ಲಾಭ ಬಿಟ್ಟು ಅಸಲಿಗೆ ಕೊಡಬೇಕು ಅಂದರು.

ಯಾರು ಬಡವರು ಅಂತ ನಾನು ಬಾಯಿ ತೆರೆಯುವುದರೊಳಗೆ ಮೂವತ್ತು ವರ್ಷದ ಗೆಳೆಯ, ಎದುರು ಅಂಗಡಿಯವನು, ಬೀಗನ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದ:

"ಮೋರಿ ಕೆಳಗ ನೀನೇ ಸ್ವತಃ ಸಾಕ್ಷಿ ಹೇಳಿದಿ. ಈಗ ಹಿಂದ ಸರಿಬ್ಯಾಡ."